ಗುಂಡಿ ಕಿತ್ತ ಪ್ಯಾಂಟು

ನಾನು ಮೇಷ್ಟರಾಗಿದ್ದ ಶಾಲೆಯ ಎದುರಿನ ದರ್ಜಿಯನ್ನು ಮಕ್ಕಳೆಲ್ಲ ಗುಂಡಿ ಮಾವ ಎನ್ನುತ್ತಿದ್ದರು. ಅಂಗಿ ಹರಿದು ಚಿಂದಿಯಾದರೂ ಅವನು ಹೊಲಿದ ಗುಂಡಿ ಬೀಳುತ್ತಿರಲಿಲ್ಲ. ಹಲ್ಲಿನಿಂದ ದಾರ ಕಡಿದ ಮೇಲೂ ಒಮ್ಮೆ ಎಳೆದು ನೋಡಿ, ಸಮಾಧಾನವಾಗದೆ ಮತ್ತೆ ಸೂಜಿ ಪೋಣಿಸುವನು. ನನ್ನ ಹಳೆಯ ಕೋಟಿನ ಗುಂಡಿಗಳೂ ಅವನವೇ. ಪ್ರಾಯದಲ್ಲಿ ಅವನು ಸೈನಿಕ, ಸೋತ ಸೈನ್ಯದವನು. ಆ ಯುದ್ಧದ ಸುದ್ದಿ ಎತ್ತಿದರೆ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಸುಮ್ಮನಾಗುತ್ತಿದ್ದ.

ಮಾತಾಡುತ್ತಿದ್ದವಳು ಅವನ ಹೆಂಡತಿ. ಅವಳ ಅಣ್ಣನೂ ಇವನೂ ಒಂದೇ ತುಕಡಿಯಲ್ಲಿದ್ದ ಗೆಳೆಯರು. "ನಮ್ಮಣ್ಣ ಕೊನೇ ಉಸಿರಿನವರೆಗೂ ಕೋವಿ ಕೆಳಗಿಡಲಿಲ್ಲ. ಇವರೇ ಕಣ್ಣಾರೆ ನೋಡಿದ್ದಾರೆ, ಬೇಕಾದ್ರೆ ಕೇಳಿ" ಎಂದು ಅಳತೆ ಕೊಡಲು ಬಂದವರಿಗೆಲ್ಲ ಹೇಳುವಳು. ದರ್ಜಿ ಹೂಂಗುಟ್ಟುವನು. ಆ ‘ಹೂಂ’ನ ಮೇಲೆಯೇ ಅವರ ಸಂಸಾರ ನಿಂತಿತ್ತು.

ಒಂದು ರಜೆಯಲ್ಲಿ ಸಿನಿಮಾದವರು ನಮ್ಮ ಶಾಲೆಯ ಬಯಲಿಗೆ ಬಂದರು. ಸೋತವರ ಕಣ್ಣಿನಿಂದ ಯುದ್ಧವನ್ನು ತೋರಿಸುವ ಚಿತ್ರವಂತೆ. ಸಮವಸ್ತ್ರ ಹೊಲಿಯುವ ಕೆಲಸ ಗುಂಡಿ ಮಾವನಿಗೆ ಸಿಕ್ಕಿತು. ಶರಣಾಗುವ ದೃಶ್ಯದಲ್ಲಿ ನಟರು ಕೈಯೆತ್ತಿ ಸಾಲಾಗಿ ನಡೆದರು. ಅದನ್ನು ನೋಡಿ ಇವನು ತನ್ನಷ್ಟಕ್ಕೆ, "ಕೈ ಎತ್ತಿದ್ರೆ ಪ್ಯಾಂಟ್ ಎಲ್ಲಿ ನಿಲ್ತಿತ್ತು?" ಎಂದ.

ಇನ್ನೂ ಮೀಸೆ ಬಲಿಯದ ನಿರ್ದೇಶಕನ ಕಿವಿ ಬಹಳ ಚುರುಕು. "ಏನಂದ್ರಿ ತಾತ?"

"ಏನಿಲ್ಲ ಸಾರ್. ಸೆರೆ ಸಿಕ್ಕ ಕೂಡ್ಲೇ ಬೆಲ್ಟು ಬಿಚ್ಚಿಸಿ, ಪ್ಯಾಂಟಿನ ಗುಂಡಿ ಕತ್ತರಿಸಿಬಿಡೋರು. ಎರಡೂ ಕೈಲಿ ಸೊಂಟ ಹಿಡ್ಕೊಂಡವನು ಓಡೋದು ಹೇಗೆ?"

"ಆಮೇಲೆ?"

ಅಷ್ಟು ಅಕ್ಕರೆಯಿಂದ ಅವನನ್ನು ಯಾರೂ ಹಾಗೆ ಕೇಳಿರಲಿಲ್ಲ. ಅವನು ಎಲ್ಲವನ್ನೂ ಹೇಳಿಬಿಟ್ಟ. ಬಿಸಿಲಲ್ಲಿ ನಡೆಸಿಕೊಂಡು ಹೋಗುವಾಗ ಕಾವಲಿನವರು ಒಂದು ಬ್ರೆಡ್ಡಿನ ತುಂಡು ಎಸೆದರು. ಹಸಿದಿದ್ದ ಗೆಳೆಯ ಎರಡೂ ಕೈ ಚಾಚಿ ಹಿಡಿದ. ಪ್ಯಾಂಟು ಪಾದಕ್ಕೆ ಜಾರಿತು. ಕಾವಲಿನವರು ಬಿದ್ದು ಬಿದ್ದು ನಕ್ಕರು. ಎತ್ತಿಕೊಳ್ಳಲು ಬಗ್ಗಿದಾಗ ಅವರಲ್ಲೊಬ್ಬ ನಗುತ್ತಲೇ ಗುಂಡು ಹಾರಿಸಿದ.

"ಇದನ್ನ ಹಾಕ್ಬೇಡಿ ಸಾರ್. ಅವನ ತಂಗೀನೇ ನನ್ನ ಹೆಂಡ್ತಿ. ಅವಳಿಗೆ ಬೇರೆ ಥರ ಹೇಳಿದ್ದೀನಿ."

"ಛೇ, ಹೆಸರೇ ಹಾಕಲ್ಲ ತಾತ. ಯಾರಿಗೆ ಗೊತ್ತಾಗುತ್ತೆ?" ಎಂದು ನಿರ್ದೇಶಕ ಅವನ ಬೆನ್ನು ತಟ್ಟಿದ. ಮರುದಿನವೇ ಆ ದೃಶ್ಯವನ್ನು ಚಿತ್ರೀಕರಿಸಿದರು. ತಾನು ಹೊಲಿದ ಗುಂಡಿಗಳನ್ನು ದರ್ಜಿಯೇ ಕತ್ತರಿಸಿಕೊಡಬೇಕಾಯಿತು.

ಚಿತ್ರ ಬಿಡುಗಡೆಯಾದಾಗ ಅವನು ಹೊಟ್ಟೆನೋವೆಂದು ಮಲಗಿದ. ಹೆಂಡತಿ ಬಿಡಲಿಲ್ಲ. "ನೀವು ಹೊಲಿದ ಬಟ್ಟೆ ಪರದೆ ಮೇಲೆ ಮೆರೀವಾಗ ನೀವು ಮುಸುಕು ಹಾಕ್ಕೊಂಡಿರ್ತೀರಾ? ಏಳ್ರೀ! ನಮ್ಮಣ್ಣನಂಥೋರ ಕತೆ ಅದು."

ನಾವು ಒಂದೇ ಸಾಲಿನಲ್ಲಿ ಕುಳಿತಿದ್ದೆವು. ಆ ದೃಶ್ಯ ಬಂದಾಗ ಅವನು ಪರದೆಯನ್ನು ಬಿಟ್ಟು ಅವಳ ಮುಖವನ್ನೇ ನೋಡುತ್ತಿದ್ದ. ಎಲ್ಲಿ ಗುರುತು ಹಿಡಿಯುವಳೋ ಎಂಬ ಭಯ. ಪ್ಯಾಂಟು ಜಾರಿತು. ಚಿತ್ರಮಂದಿರವೆಲ್ಲ ಗೊಳ್ಳೆಂದಿತು. ಗುಂಡಿನ ಸದ್ದು ಆ ನಗೆಯಲ್ಲಿ ಮುಳುಗಿಹೋಯಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ. ಗಂಡನ ತೊಡೆಗೆ ಹೊಡೆದು ಹೊಡೆದು ನಕ್ಕಳು.

ಈಗ ಇಬ್ಬರೂ ಇಲ್ಲ. ಹಾಗಾಗಿ ಮುಂದಿನದನ್ನೂ ಬರೆಯಬಹುದು. ಹಿಂದಿರುಗುವಾಗ ಬೀದಿಯಲ್ಲಿ ಇಸ್ತ್ರಿಯವಳು ತಡೆದು, "ಹೇಗಿತ್ತಕ್ಕಾ ಸಿನಿಮಾ?" ಎಂದಳು.

"ಅಯ್ಯೋ, ಅಳೋಣ ಅಂತ ಹೋದ್ರೆ ನಕ್ಕೂ ನಕ್ಕೂ ಸಾಕಾಯ್ತು ಕಣೇ! ಒಬ್ಬ ಪೆದ್ದ ಬರ್ತಾನೆ ನೋಡು..." ಎಂದು ಅವಳು ಬೀದಿಯ ನಡುವೆಯೇ ಸೊಂಟ ಹಿಡಿದುಕೊಂಡು ತಟ್ಟಾಡುತ್ತ ನಡೆದು ತೋರಿಸಿದಳು. ಕೈ ಚಾಚಿದಳು, ಬಗ್ಗಿದಳು. ನಾಲ್ಕು ಜನ ಸೇರಿದರು.

"ಸಾಕು ಬಾರೇ" ಎಂದು ಗಂಡ ಕರೆದ.

"ನಗೋದಕ್ಕೂ ನಿಮ್ಮ ಅಪ್ಪಣೆ ಬೇಕೇನ್ರೀ? ನಮ್ಮಣ್ಣ ಇದ್ದಿದ್ರೆ ಅಂಥ ಹೇಡಿ ಕೆನ್ನೆಗೆ ಬಾರಿಸ್ತಿದ್ದ. ಅಂದ ಹಾಗೆ, ಆ ಪೆದ್ದ ಬಿದ್ದಿದ್ದು ಹಿಂದಕ್ಕೋ, ಮುಂದಕ್ಕೋ?"

"ಮುಂದಕ್ಕೆ" ಎಂದ ಗುಂಡಿ ಮಾವ.

ಅವಳು ಹಾಗೆಯೇ ಮುಗ್ಗರಿಸಿ ತೋರಿಸಿದಳು. ಇಸ್ತ್ರಿಯವಳು ಬಟ್ಟೆಯ ಗಂಟನ್ನು ಕೆಳಗಿಟ್ಟು ಚಪ್ಪಾಳೆ ತಟ್ಟಿದಳು.