ಗುಪ್ತ ಮತದಾನ, ಹೆಸರು ಸಮೇತ

ದುಬೈಯ ನಮ್ಮ ಕನ್ನಡ ಬಳಗದಲ್ಲಿ ಸಂಸತ್ತಿನ ಹಾಗೆ ಎರಡು ಮನೆಗಳಿದ್ದವು. ಕೆಳಮನೆ ಎಂದರೆ ವರ್ಷಕ್ಕೊಮ್ಮೆ ಆರಿಸುವ ಸಮಿತಿ. ಹಾಲ್ ಹುಡುಕುವುದು, ಕುರ್ಚಿ ಹೊರುವುದು, ಊಟ ಸಾಲದಿದ್ದರೆ ಬೈಸಿಕೊಳ್ಳುವುದು ಅದರ ಕೆಲಸ. ಮೇಲ್ಮನೆ ಎಂದರೆ ಐವರು ಹಿರಿಯರು. ಅವರನ್ನು ಯಾರೂ ಆರಿಸಿರಲಿಲ್ಲ. ಒಬ್ಬರು ಊರಿಗೆ ಹೊರಟರೆ ಉಳಿದ ನಾಲ್ವರು ಚಹಾ ಕುಡಿಯುತ್ತಾ ಇನ್ನೊಬ್ಬರನ್ನು ಸೇರಿಸಿಕೊಳ್ಳುತ್ತಿದ್ದರು. ನಾವು ಏನೇ ತೀರ್ಮಾನಿಸಿದರೂ ಆ ಐದೂ ಸಹಿ ಬೀಳದೆ ಅದು ಜಾರಿಯಾಗುತ್ತಿರಲಿಲ್ಲ.

ಮತ ಇದ್ದದ್ದು ಇಲ್ಲಿ ಸಂಸಾರ ಇಟ್ಟುಕೊಂಡವರಿಗೆ ಮಾತ್ರ, ಮನೆಗೊಂದರಂತೆ. ಇಂಟರ್‌ನ್ಯಾಷನಲ್ ಸಿಟಿಯಲ್ಲಿ ಒಂದೊಂದು ಕೋಣೆಗೆ ಎಂಟೆಂಟು ಜನ ಮಲಗುತ್ತಿದ್ದ ಬ್ಯಾಚುಲರ್‌ಗಳಿಗೆ ಟಿಕೆಟ್ ಕೊಳ್ಳುವ, ವೇದಿಕೆ ಕಟ್ಟುವ ಹಕ್ಕಿತ್ತು, ಮತದ ಹಕ್ಕಿರಲಿಲ್ಲ. ಊರಿನಲ್ಲಿ ಹೆಂಡತಿ, ಇಬ್ಬರು ಮಕ್ಕಳಿದ್ದವರೂ ಇಲ್ಲಿ ಬ್ಯಾಚುಲರೇ. ನಾನೂ ನಾಲ್ಕು ವರ್ಷ ಹಾಗೆ ಕುರ್ಚಿ ಹೊತ್ತವನು. ಕಾರ್ಯದರ್ಶಿಯಾದ ಮೇಲೆ ಆ ಸಿಟ್ಟನ್ನೆಲ್ಲ ಒಂದು ತಿದ್ದುಪಡಿಯಾಗಿ ಬರೆದೆ: ಸ್ವಂತ ಕೆಲಸದ ವೀಸಾ ಇರುವ ಪ್ರತಿಯೊಬ್ಬ ಗಂಡಸಿಗೂ ಮತ, ಮತ ಇರುವವರು ಮಾತ್ರ ಸದಸ್ಯರು, ಮೀಟಿಂಗು ಸದಸ್ಯರಿಗೆ ಮಾತ್ರ, ಹಿರಿಯರೂ ಚುನಾವಣೆಗೆ ನಿಲ್ಲತಕ್ಕದ್ದು. ಹೆಂಗಸರ ಮತದ ಪ್ರಶ್ನೆಯನ್ನು ಮುಂದಿನ ವರ್ಷಕ್ಕೆ ಇಟ್ಟೆ. ಮನೆಗೆ ಹೋಗಿ ಇದನ್ನು ಹೆಂಡತಿಗೆ ಹೇಳಲಿಲ್ಲ.

ಮೇಲ್ಮನೆಯ ಅತಿ ಹಿರಿಯರನ್ನು ಎಲ್ಲರೂ ಅಂಕಲ್ ಎನ್ನುತ್ತಿದ್ದರು. ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರು, ಹೋಟೆಲಿನ ರಿಸೆಪ್ಷನ್‌ನಲ್ಲಿ ಜೀವನವನ್ನೆಲ್ಲ ನಿಂತೇ ಕಳೆದವರು. ನನ್ನನ್ನು ಕರೆಸಿ ಮೊದಲ ಕೆಲಸ ಕೊಡಿಸಿದವರು ಅವರು. ಬ್ಯಾಚುಲರ್‌ಗಳಿಗೆ ಮತ ಬೇಡ ಎಂಬ ನಿಯಮ ಮಾಡಿದವರೂ ಅವರೇ. ಈಗ ನಿವೃತ್ತರು. ಅಲ್ ಬರ್ಷಾದಲ್ಲಿ ಮಗನ ಫ್ಲ್ಯಾಟಿನಲ್ಲಿ, ಮಗನ ವೀಸಾದ ಮೇಲೆ ಇದ್ದರು. ಮೊಮ್ಮಕ್ಕಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದರು, ಸೊಸೆ ಉತ್ತರಿಸುತ್ತಿರಲಿಲ್ಲ. ಶನಿವಾರದ ಮೀಟಿಂಗಿಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಟ್ಟಡದ ಕೆಳಗೆ ಕಾಯುತ್ತಿದ್ದರು. ಹತ್ತೂವರೆಗೆ ಕಾರಿನಲ್ಲಿ ಹತ್ತಿಸಿಕೊಳ್ಳುವುದು ನನ್ನ ಪಾಲಿಗೆ ಬಂದಿತ್ತು. ಮೇಲ್ಮನೆ ಬಿಟ್ಟರೆ ಅವರನ್ನು ಯಾರೂ ಎಲ್ಲಿಗೂ ಕರೆಯುತ್ತಿರಲಿಲ್ಲ. ಇದು ನನಗೆ ಗೊತ್ತಿತ್ತು.

ಆ ಶನಿವಾರ ಕಾರಿನಲ್ಲಿ ಕೇಳಿದರು, "ಬರೆದದ್ದು ನೀನಾದ್ರೂ ನಿನ್ನ ವೋಟು ನನ್ನ ಕಡೆಗೇ ಅಲ್ವಾ ಮಾರಾಯ?"

"ಅದನ್ನು ಕೇಳ್ಲಿಕ್ಕುಂಟಾ ಅಂಕಲ್?" ಎಂದೆ. ಪ್ರಶ್ನೆಗೆ ಪ್ರಶ್ನೆಯನ್ನೇ ಹೇಳಿದರೆ ಸುಳ್ಳು ಹೇಳಿದಂತಾಗುವುದಿಲ್ಲ ಎಂದು ನನ್ನ ಲೆಕ್ಕ.

ಕುಸೈಸ್‌ನ ಹಾಲಿನಲ್ಲಿ ಚರ್ಚೆ ಶುರುವಾಯಿತು. ಅಂಕಲ್ ಎದ್ದು ನಿಂತರು. "ಆ ಬ್ಯಾಚುಲರ್ ಕೋಣೆಯಲ್ಲಿ ಒಬ್ಬ ಹೇಳಿದ್ರೆ ಏಳು ಮಂದಿ ಕೈ ಎತ್ತುತ್ತಾರೆ. ನಾಳೆ ವೀಸಾ ಕ್ಯಾನ್ಸಲ್ ಆದ್ರೆ ಎಂಟೂ ಮಂದಿ ಊರಿಗೆ. ಬಳಗ ಇಲ್ಲೇ ಇರ್ಲಿಕ್ಕುಂಟಲ್ಲ?"

ಮಾತು ಪೂರ್ತಿ ಸುಳ್ಳಾಗಿರಲಿಲ್ಲ. ಅದಕ್ಕೇ ಎಲ್ಲರಿಗೂ ಕೋಪ ಬಂತು. ಹುಬ್ಬಳ್ಳಿ ಕಡೆಯ ಇಂಜಿನಿಯರೊಬ್ಬರು ಎದ್ದರು. "ಅಂಕಲ್, ಸಿಟ್ಟಾಗಬ್ಯಾಡ್ರಿ. ನಿಮ್ಮನ್ನ ಆರಿಸಿದವ್ರು ಯಾರ್ರೀ?"

"ನಾವೇ. ಒಬ್ಬರನ್ನೊಬ್ಬರು."

"ಭಾಳ ಚಲೋ ಆತು. ಮತ್ತ ನಿಮ್ಮ ವೀಸಾ ಯಾರ ಮ್ಯಾಲೈತ್ರಿ? ಮಗನ ಮ್ಯಾಲ ಅಲ್ಲೇನ್ರೀ? ಹಂಗಾದ್ರ ನಿಮ್ಮ ಹಳೇ ಕಾಯ್ದೆ ಪ್ರಕಾರನೂ ವೋಟು ನಿಮ್ಮ ಮಗಂದು. ಅವ್ರೆಲ್ಲಿ, ಬಂದಾರೇನು?"

ಹಾಲ್ ನಕ್ಕಿತು. ಅಂಕಲ್ ಇಂಜಿನಿಯರನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಮಗನ ವೀಸಾದ ವಿಷಯ ಅವರು ಹೇಳಿದ್ದು ನನ್ನ ಕಾರಿನಲ್ಲಿ, ನನಗೊಬ್ಬನಿಗೆ. ನಾನು ಬಗ್ಗಿ ಮಿನಿಟ್ಸ್ ಬರೆಯತೊಡಗಿದೆ. ನಗು ಬಿಟ್ಟರೆ ಬರೆಯಲು ಏನೂ ಇರಲಿಲ್ಲ.

ಮತದಾನಕ್ಕೆ ನಾನು ವಾಟ್ಸಾಪ್ ಗ್ರೂಪಿನಲ್ಲೇ ಪೋಲ್ ಹಾಕಿದ್ದೆ. ಅಬುಧಾಬಿಯ ಬನಿಯಾಸ್‌ನಿಂದ ಬರಲಾಗದವರೂ ಮತ ಹಾಕಲಿ, ಯಾರು ಎತ್ತ ಎಂದು ಯಾರಿಗೂ ತಿಳಿಯದಿರಲಿ ಎಂಬ ಕಾಳಜಿ. 'ಬೇಕು', 'ಬೇಡ' ಎಂದು ಎರಡೇ ಸಾಲು. ನಾನು 'ಬೇಕು' ಒತ್ತಿ ಫೋನನ್ನು ಮಗುಚಿಟ್ಟೆ.

ಮೊದಲು ನಕ್ಕವರು ಹಿಂದಿನ ಸಾಲಿನವರು. "ಕಾರ್ಯದರ್ಶಿಗಳೇ, ಇದ್ರಲ್ಲಿ ಹೆಸರು ಬರ್ತದೆ!"

ಬರುತ್ತದೆ. ಅದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲು ಸಾಧ್ಯವಿರಲಿಲ್ಲ. ಸಸ್ಯಾಹಾರ ಯಾರಿಗೆ, ಬಿರಿಯಾನಿ ಯಾರಿಗೆ ಎಂದು ಪ್ರತಿ ಹಬ್ಬಕ್ಕೂ ನಾನು ಇದೇ ಪೋಲ್ ಹಾಕುತ್ತಿದ್ದೆ, ಹೆಸರು ಕಾಣಿಸುತ್ತದೆ ಎಂಬ ಕಾರಣಕ್ಕೇ. ವಾರವಿಡೀ ಹಾಲಿನ ಎಸಿ, ಪಾರ್ಕಿಂಗ್, ನನ್ನ ಬಿಪಿ ಎಲ್ಲದರ ಬಗ್ಗೆ ಚಿಂತೆ ಮಾಡಿದವನು ಇದೊಂದನ್ನು ಬಿಟ್ಟಿದ್ದೆ.

ಗಾಬರಿಯಲ್ಲಿ ನನ್ನ ಮತವನ್ನು 'ಬೇಡ'ಕ್ಕೆ ಬದಲಿಸಿದೆ. ಹೆಸರು ಆ ಸಾಲಿನಿಂದ ಈ ಸಾಲಿಗೆ ಹಾರಿದ್ದನ್ನು ಇಡೀ ಹಾಲ್ ನೋಡಿತು. ತಿದ್ದುಪಡಿ ಬರೆದವನೇ ವಿರೋಧಿಸಿದಂತಾಯಿತಲ್ಲ ಎಂದು ಮತ್ತೆ 'ಬೇಕು' ಒತ್ತಿದೆ.

"ಒಂದ್ ಕಡೆ ಕೂಡ್ರೀ ಯಪ್ಪಾ!" ಎಂದರು ಇಂಜಿನಿಯರು. ಬನಿಯಾಸ್‌ನಿಂದ ಯಾರೋ ಕಪ್ಪೆಯ ಚಿತ್ರ ಕಳಿಸಿದರು.

ತಿದ್ದುಪಡಿ ದೊಡ್ಡ ಅಂತರದಲ್ಲಿ ಗೆದ್ದಿತು. ನನ್ನ ಮತ ಬೇಕಾಗಿಯೇ ಇರಲಿಲ್ಲ. ಉಳಿದ ನಾಲ್ವರು ಹಿರಿಯರು ಮುಂದಿನ ಚುನಾವಣೆಗೆ ನಿಲ್ಲುವ ಉಮೇದಿನಲ್ಲಿ ಊಟಕ್ಕೆ ಮುಂಚೆಯೇ ಸಹಿ ಹಾಕಿದರು. ಅಂಕಲ್ ಊಟ ಮಾಡಲಿಲ್ಲ. ಸ್ವಂತ ಕೆಲಸದ ವೀಸಾ ಇಲ್ಲದ ಅವರು ಹೊಸ ನಿಯಮದಲ್ಲಿ ಹಿರಿಯರಲ್ಲ, ಸದಸ್ಯರೂ ಅಲ್ಲ. "ಸಹಿಗೆ ಕಾಯಬ್ಯಾಡ್ರಿ, ಅವ್ರನ್ನ ಇವತ್ತೇ ಗ್ರೂಪಿನಿಂದ ತೆಗೀರಿ, ಆಮ್ಯಾಲ ನಿಮಗ ಮನಸ್ಸಾಗಂಗಿಲ್ಲ," ಎಂದರು ಇಂಜಿನಿಯರು. ಪಾರ್ಕಿಂಗ್‌ನಲ್ಲಿ ಅಂಕಲ್ ಕಾರಿನೊಳಗೆ ಕುಳಿತ ಮೇಲೆ, ನಾನು ಹೊರಗೆ ನಿಂತು ತೆಗೆದೆ. ಆಮೇಲೆ ಒಳಗೆ ಕುಳಿತು, "ಬೆಲ್ಟ್ ಹಾಕಿ ಅಂಕಲ್," ಎಂದೆ.

ಅಲ್ ಬರ್ಷಾದ ಮಾಲ್ ಹತ್ತಿರದ ಸಿಗ್ನಲ್ಲಿನಲ್ಲಿ ಅವರು ಫೋನ್ ತೆರೆದರು.

"ನೀನೇ ತೆಗೆದದ್ದಾ?"

"ನಿಯಮ ಅಲ್ವಾ ಅಂಕಲ್..."

"ಬೆಲ್ಟ್ ಹಾಕ್ಲಿಕ್ಕೆ ಹೇಳಿದ್ದು ಅದಕ್ಕೆ ಮೊದಲೋ, ಮತ್ತೆಯೋ?"

"ಮತ್ತೆ."

ತಲೆಯಾಡಿಸಿದರು. ಕಟ್ಟಡದ ಮುಂದೆ ಕಾರು ನಿಲ್ಲಿಸಿ ನಾನು ಫೈಲ್ ತೆಗೆದೆ. ಐದನೆಯ ಸಹಿ ಬೇಕಿತ್ತು. ಅದಿಲ್ಲದೆ ಆ ಬ್ಯಾಚುಲರ್‌ಗಳಿಗೆ ಮತವೂ ಇಲ್ಲ, ಏನೂ ಇಲ್ಲ. ಅಂಕಲ್ ಕನ್ನಡಕ ಹಾಕಿ ಎರಡು ಪುಟವನ್ನೂ ಓದಿದರು.

"'ಗುಪ್ತ ಮತದಾನ' ಅಂತ ಬರೆದಿದ್ದಿ. ಎಲ್ಲಿ ಮಾರಾಯ ಗುಪ್ತ? ನಿನ್ನ ಹೆಸರು ಬರಿ. ಎಷ್ಟು ಸಲ ಹಾರಿದ್ದಿ ಅಂತ ಸಹ ಬರಿ."

ಸ್ಟೀರಿಂಗ್ ಮೇಲೆ ಕಾಗದ ಇಟ್ಟುಕೊಂಡು ಬರೆದೆ: ಬೇಕು, ಬೇಡ, ಬೇಕು. ಅವರು ಅದರ ಕೆಳಗೆ ಸಹಿ ಹಾಕಿದರು, ರಿಸೆಪ್ಷನ್ ಪುಸ್ತಕದಲ್ಲಿ ಹಾಕುತ್ತಿದ್ದಂತೆ ನೀಟಾಗಿ. "ಖಲಾಸ್," ಎಂದರು. ಇಳಿದು ಬಾಗಿಲು ಹಿಡಿದುಕೊಂಡು ಕೇಳಿದರು, "ಬರುವ ಶನಿವಾರ ಹತ್ತೂವರೆಗೇ ಅಲ್ವಾ?"

ಅಣಕವೋ, ಅಭ್ಯಾಸವೋ, ನನಗೆ ಇಂದಿಗೂ ಗೊತ್ತಿಲ್ಲ. "ಬರ್ತೇನೆ ಅಂಕಲ್, ಚಹಾ ಕುಡಿಯುವ," ಎಂದಿದ್ದರೆ ಸಾಕಿತ್ತು. ನಾನು ಹೇಳಿದ್ದು, "ಮೀಟಿಂಗು ಇನ್ನು ಸದಸ್ಯರಿಗೆ ಮಾತ್ರ ಅಂಕಲ್, ಮೂರನೇ ನಿಯಮ."

ಅವರು ಬಾಗಿಲು ತಳ್ಳಿದರು, ಅದು ಸರಿಯಾಗಿ ಮುಚ್ಚಲಿಲ್ಲ. ಅಲ್ ಬರ್ಷಾ ದಾಟುವವರೆಗೂ ಕಾರು ಟಿಣ್ ಟಿಣ್ ಎನ್ನುತ್ತಲೇ ಇತ್ತು. ಇಳಿದು ಮುಚ್ಚುವಷ್ಟು ಹೊತ್ತು ಆ ಕಟ್ಟಡದ ಮುಂದೆ ನಿಲ್ಲುವ ಧೈರ್ಯ ನನಗಿರಲಿಲ್ಲ.