ಹೊಳೆ ದಾಟದ ಓಟ

ಅಕ್ಕ ಬರುವ ಮೊದಲು ಆಕೆಯ ಮೊಣಕಾಲು ಬರುತ್ತಿತ್ತು. ಒಣ ಶೇಂಗಾ ಒಡೆದಂಥ ಸದ್ದು, ಚಟ್, ಮತ್ತೆ ಚಟ್, ಬಲಗಾಲಿನಿಂದ ಮಾತ್ರ. ಬೇಡಕಿಹಾಳದಲ್ಲಿ ಇನ್ನೂ ಡೇರಿಯ ಕ್ಯಾನುಗಳ ಗದ್ದಲ ಶುರುವಾಗಿರದ ಹೊತ್ತು. ನಾನು ಕಟ್ಟೆಯ ಮೇಲೆ ಕೂತು ಬೂಟಿನ ಲೇಸು ಬಿಗಿಯುತ್ತಿದ್ದರೆ ಓಣಿಯ ತಿರುವಿನಲ್ಲೇ ಆ ಸದ್ದು ಕೇಳುತ್ತಿತ್ತು. ನಿಜಕ್ಕೂ ಕೇಳುತ್ತಿತ್ತೇ? ತಿರುವು ಅಷ್ಟು ಹತ್ತಿರವೇನೂ ಇಲ್ಲ. ಮನುಷ್ಯರ ಮೊಣಕಾಲಿನ ಸದ್ದು ಅಲ್ಲಿಂದ ಇಲ್ಲಿಗೆ ಬರುವುದು ಸಾಧ್ಯವಿಲ್ಲ. ಅದೂ ಅಲ್ಲದೆ ಆ ಕಾಲು ಕೆಟ್ಟದ್ದು ನಾವು ಓಡಲು ಶುರುಮಾಡಿ ಎಷ್ಟೋ ಕಾಲದ ಮೇಲೆ. ಅದಕ್ಕೂ ಹಿಂದಿನ ಬೆಳಗುಗಳಲ್ಲೂ ನನಗೆ ಚಟ್ ಚಟ್ ಕೇಳಿಸುತ್ತದೆಂದರೆ ಅದು ನೆನಪಿನ ಕಿತಾಪತಿ, ಅಷ್ಟೇ. ತಿದ್ದಲು ನೋಡಿದೆ, ಆಗಲಿಲ್ಲ.

ಆಕೆ ಊರಿನ ಬೀಜ-ಗೊಬ್ಬರದ ಅಂಗಡಿ ನಡೆಸುತ್ತಿದ್ದ ಜೈನರ ಮನೆಯ ಹೆಂಗಸು. ಐವತ್ತು ದಾಟಿತ್ತು. ಊರಿಗೆಲ್ಲ ಬೀಜದಂಗಡಿ ಅಕ್ಕ. ನಾನು ಅಲ್ಲಿಯ ಹೈಸ್ಕೂಲಿಗೆ ಕಲಿಸಲು ಬಂದವಳಾದ್ದರಿಂದ ನನ್ನನ್ನು "ಬಾಯಾರ" ಎಂದು ಕರೆಯುತ್ತಿದ್ದಳು. ಮೂರನೆಯವಳು ಅಕ್ಕನ ಅಂಗಡಿಯ ಎದುರಿಗೆ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ಮುಸಲ್ಮಾನರ ಹೆಣ್ಣುಮಗಳು. ನಮ್ಮಿಬ್ಬರಿಗಿಂತ ಕಿರಿಯಳು; ನಾಲಿಗೆ ಅವಳ ಕತ್ತರಿಗಿಂತ ಹರಿತ. ಅಕ್ಕನ ಓಟದ ಪಂಜಾಬಿ ಡ್ರೆಸ್ಸುಗಳನ್ನು ಮೊಣಕಾಲಿನ ಹತ್ತಿರ ಸಡಿಲ ಬಿಟ್ಟು ಹೊಲಿದುಕೊಟ್ಟವಳೂ ಅವಳೇ.

ಓಟ ಹೇಗೆ ಶುರುವಾಯಿತು ಎನ್ನುವುದಕ್ಕೆ ನಮ್ಮಲ್ಲಿ ಎರಡು ಕತೆಗಳಿವೆ. ಹೊಲಿಗೆಯವಳಿಗೆ ಸಕ್ಕರೆ ಕಾಯಿಲೆ ಬಂತು, ಡಾಕ್ಟರು ನಡೆಯಲು ಹೇಳಿದರು, ಒಬ್ಬಳೇ ಹೋಗಲು ಹೆದರಿಕೆ ಎಂದು ಅಕ್ಕ ಕೋಲು ಹಿಡಿದು ಜೊತೆಗೆ ಹೊರಟಳು, ಅವರ ಹಿಂದೆ ನಾನೂ. ಇಲ್ಲಿಯವರೆಗೆ ತಕರಾರಿಲ್ಲ. ಒಂದು ದಿನ ನಾಯಿಗಳು ಬೆನ್ನತ್ತಿದವು, ಕೋಲು ಎಸೆದು ಓಡಿದೆವು, ಓಡಿದ್ದು ಹಿತವಾಯಿತು ಎಂಬುದು ನನ್ನ ಕತೆ. ನಾಯಿಯೂ ಇಲ್ಲ ಏನೂ ಇಲ್ಲ, ನಿಪ್ಪಾಣಿ ಬಸ್ಸಿನ ಹಿಂದೆ ಓಡಿದ್ದು, ಬಸ್ಸು ನಿಲ್ಲಲಿಲ್ಲ, ನಾವೂ ನಿಲ್ಲಲಿಲ್ಲ ಎಂಬುದು ಅವಳದು. ಅಕ್ಕನನ್ನು ಕೇಳಿದರೆ, "ಓಡಿದ್ದಂತೂ ಖರೇನಲ್ಲ" ಎಂದು ಮುಗಿಸಿಬಿಡುತ್ತಿದ್ದಳು.

ಅಕ್ಕ ನೆಲ ನೋಡುತ್ತ ಓಡುತ್ತಿದ್ದಳು. ರಸ್ತೆಗೆ ಅಡ್ಡವಾಗಿ ಇರುವೆಯ ಸಾಲು ಹೊರಟಿದ್ದರೆ ಅಷ್ಟು ದಪ್ಪ ಮೈ ಚಿಗರೆಯಂತೆ ಹಾರುತ್ತಿತ್ತು. ಹಾರುವ ಭರದಲ್ಲಿ ಪಕ್ಕದವರಿಗೆ ಡಿಕ್ಕಿ.

"ಇರಿವಿಗೆ ದಾರಿ ಬಿಡ್ತೀರಿ, ನಮಗ ಬಿಡೂದಿಲ್ಲ ನೋಡ್ರಿ" ಎಂದು ಹೊಲಿಗೆಯವಳು ಗೊಣಗಿದರೆ, "ಇರಿವಿ ಸುಮ್ನ ಹೊಂಟಿರ್ತಾವು. ನೀ ಮಾತಾಡ್ಕೋತ ಹೊಂಟಿರ್ತಿ" ಎನ್ನುವಳು.

ಸೂರ್ಯ ಮುಳುಗಿದ ಮೇಲೆ ಮತ್ತೆ ಹುಟ್ಟುವ ತನಕ ಅಕ್ಕ ಅನ್ನ ಮುಟ್ಟುತ್ತಿರಲಿಲ್ಲ, ನೀರನ್ನೂ ಕುಡಿಯುತ್ತಿರಲಿಲ್ಲ. ರಂಜಾನ್ ತಿಂಗಳಲ್ಲಿ ಇದು ಒಂದು ಆಟವೇ ಆಗುತ್ತಿತ್ತು. ಎದುರುಬದುರು ಅಂಗಡಿಗಳು. ಸೂರ್ಯ ಮುಳುಗಿದರೆ ಸಾಕೆಂದು ಹೊಲಿಗೆಯವಳು, ಮುಳುಗುವುದರೊಳಗೆ ಉಂಡು ಮುಗಿಸಬೇಕೆಂದು ಅಕ್ಕ. ಒಬ್ಬಳು ತಾಟು ತೊಳೆದಿಡುವಾಗ ಇನ್ನೊಬ್ಬಳು ಖರ್ಜೂರ ಬಿಡಿಸುತ್ತಿರುತ್ತಾಳೆ.

"ಅಕ್ಕಾ, ಒಂದ ದಿನಾನಾದ್ರೂ ನನ್ನ ಜೋಡಿ ಕುಂತ ಉಣ್ರಿ."

"ಸೂರ್ಯಾಗ ಹೇಳ, ಸ್ವಲ್ಪ ಅಲ್ಲೇ ನಿಂದ್ರು ಅಂತ."

ಕಾಲು ಕೆಟ್ಟದ್ದು ಸೋಯಾಬೀನ್ ಬಿತ್ತನೆಯ ಗದ್ದಲದಲ್ಲಿ. ಅಂಗಡಿಯ ಮುಂದೆ ರೈತರ ಸಾಲು, ಚೀಲಗಳ ಅಟ್ಟಿಯ ಮೇಲೆ ಹತ್ತಿದ್ದ ಅಕ್ಕ ಇಳಿಯುವ ಬದಲು ಜಿಗಿದಳು. ಮೀರಜಿನ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು, ಮೊಣಕಾಲೊಳಗಿನ ಮೆತ್ತನೆಯ ಗಾದಿ ಹರಿದಿದೆ, ಆಪರೇಷನ್ ಆಗಬೇಕು, ಆಮೇಲೆ ನಡೆಯಬಹುದು, ಓಡುವುದನ್ನು ಮರೆತುಬಿಡಿ ಎಂದರು. ಮುಂಗಾರು, ಹಿಂಗಾರು ಎರಡೂ ವ್ಯಾಪಾರ ಮುಗಿದು ದೀಪಾವಳಿ ಆದ ಮೇಲೆ ಬರುತ್ತೇನೆಂದು ಅಕ್ಕ ಹೇಳಿ ಬಂದಳು. ವಾಪಸು ಬರುವ ಬಸ್ಸಿನಲ್ಲಿ ನನ್ನತ್ತ ತಿರುಗಿದಳು.

"ಬಾಯಾರ, ಮರೀಬೇಕಂದ್ರ ಮೊದಲ ಒಂದ ಸಲಾನಾದ್ರೂ ಪೂರಾ ಓಡಿರಬೇಕಲ್ರಿ."

ಅಲ್ಲಿಯವರೆಗೆ ನಾವು ಅರ್ಧ ಮ್ಯಾರಥಾನಿನಷ್ಟು ದೂರವನ್ನೂ ಕಷ್ಟಪಟ್ಟು ಓಡಿದವರು. ಪೂರ್ತಿ ನಲವತ್ತೆರಡು ಕಿಲೋಮೀಟರು ಎಂದೂ ಇಲ್ಲ. ದಸರೆಯ ಮೇಲೆ ಕೊಲ್ಲಾಪುರದಲ್ಲಿ ಒಂದು ಮ್ಯಾರಥಾನ್ ಇತ್ತು. ಅಕ್ಕ ಮೂವರ ಹೆಸರನ್ನೂ ನೋಂದಾಯಿಸಿಬಿಟ್ಟಳು.

ಆಮೇಲೆ ಚಾತುರ್ಮಾಸ ಬಂತು. ಮಳೆಗಾಲದಲ್ಲಿ ನೆಲದ ತುಂಬ ಜೀವ. ಕಾಲಿಟ್ಟಲ್ಲೆಲ್ಲ ಹಿಂಸೆ ಎಂದು ಜೈನ ಸನ್ಯಾಸಿಗಳು ಆ ನಾಲ್ಕು ತಿಂಗಳು ಒಂದೇ ಊರಲ್ಲಿ ನಿಲ್ಲುತ್ತಾರೆ. ಸಂಸಾರಸ್ಥರು ತಮ್ಮ ಶಕ್ತಿಯಷ್ಟು ನೇಮ ಹಿಡಿಯುತ್ತಾರೆ. ಒಬ್ಬರು ಬೆಲ್ಲ ಬಿಡುತ್ತಾರೆ, ಒಬ್ಬರು ಒಪ್ಪತ್ತು ಉಣ್ಣುತ್ತಾರೆ. ಬಸದಿಗೆ ಬಂದು ನಿಂತಿದ್ದ ಸನ್ಯಾಸಿನಿ ಮಾತಾಜಿಯವರ ಮುಂದೆ ಕೈಮುಗಿದು ಅಕ್ಕ ತನ್ನ ಓಡಾಟಕ್ಕೆ ಮೇರೆ ಹಾಕಿಕೊಂಡಳು: ದೀಪಾವಳಿಯ ತನಕ ಆ ಕಡೆ ಹೊಳೆ ದಾಟುವುದಿಲ್ಲ, ಈ ಕಡೆ ನಿಪ್ಪಾಣಿ ದಾಟುವುದಿಲ್ಲ.

ಸುದ್ದಿ ಕೇಳಿದ ಹೊಲಿಗೆಯವಳು ಕೊರಳಲ್ಲಿ ಟೇಪು ತೂಗುತ್ತಿದ್ದ ಹಾಗೇ ರಸ್ತೆ ದಾಟಿ ಬಂದಳು.

"ಅಕ್ಕಾ, ಕೊಲ್ಲಾಪುರ ನಿಪ್ಪಾಣಿ ಈಚೆ ಐತೇನ್ರಿ?"

ಬೀಜ ತೂಗುತ್ತಿದ್ದ ಅಕ್ಕನ ಕೈ ನಿಂತಿತು. "ಅಯ್ಯ ನನ ಶಿವನ!" ಎಂದಳು. ಜೈನರ ಅಕ್ಕ ಶಿವನನ್ನು ಕರೆದದ್ದು ನೋಡಿ ನಾವಿಬ್ಬರೂ ನಕ್ಕೆವು. ಅಕ್ಕ ನಗಲಿಲ್ಲ.

ನಿಜಕ್ಕೂ ಮರೆತಿದ್ದಳೇ? ಹೊಲಿಗೆಯವಳು ಈಗಲೂ ನಂಬುವುದಿಲ್ಲ. ಕಾಲು ಕೈಕೊಡುತ್ತದೆಂದು ಅಂಜಿ, ಸಾವಿರ ಜನರ ನಡುವೆ ಕುಂಟುವುದು ಬೇಡವೆಂದು ಬೇಕೆಂದೇ ನೇಮದ ಹಿಂದೆ ಅಡಗಿದಳು ಎನ್ನುತ್ತಾಳೆ. ಆ ಕೈ ನಿಂತದ್ದನ್ನು ನೋಡಿದ ನನಗೆ, ಮರೆತಿದ್ದಳು ಅನ್ನಿಸುತ್ತದೆ. ಕೆಲವು ದಿನ ಎರಡೂ ನಿಜ ಅನ್ನಿಸುತ್ತದೆ. ನೇಮ ಬಿಡುವ ಮಾತಂತೂ ಆಕೆಯ ಬಾಯಲ್ಲಿ ಬರಲಿಲ್ಲ. ಆಪರೇಷನ್ನಿನ ದಿನ ಆಗಲೇ ನಿಗದಿಯಾಗಿತ್ತು. ಅಂದರೆ ಓಡಬಹುದಾದ ದಿನಗಳೆಲ್ಲ ಆ ಮೇರೆಯೊಳಗೇ ಇದ್ದವು.

ದಾರಿ ಹುಡುಕಿದವಳು ಹೊಲಿಗೆಯವಳೇ. "ನೀವು ಕೊಲ್ಲಾಪುರಕ್ಕ ಹೋಗೂದ ಬ್ಯಾಡ್ರಿ. ನಲವತ್ತೆರಡು ಕಿಲೋಮೀಟರ್ ಅಲ್ಲಷ್ಟ ಅದಾವೇನು? ಇಲ್ಲೂ ಅದಾವು. ಸುತ್ತ ಹಾಕೂಣು."

ದಸರೆ ಕಳೆದ ಒಂದು ರವಿವಾರ ಹೊರಟೆವು. ಮ್ಯಾರಥಾನುಗಳು ಕತ್ತಲಲ್ಲೇ ಶುರುವಾಗುತ್ತವಂತೆ; ನಮ್ಮದು ಸೂರ್ಯ ಹುಟ್ಟಿ, ಅಕ್ಕ ಸೋಸಿದ ನೀರು ಕುಡಿದ ಮೇಲೆ ಶುರುವಾಯಿತು. ಅಂಗಡಿಯ ಕಟ್ಟೆಯಿಂದ ನಿಪ್ಪಾಣಿ ರಸ್ತೆಯ ದೊಡ್ಡ ಆಲದ ಮರದವರೆಗೆ, ಅಲ್ಲಿಂದ ತಿರುಗಿ ಊರು ಹಾಯ್ದು ಹೊಳೆಯವರೆಗೆ, ಮತ್ತೆ ಅಂಗಡಿಗೆ. ಕಟ್ಟೆಯ ಮೇಲೆ ಸ್ಟೀಲಿನ ಕ್ಯಾನಿನಲ್ಲಿ ನೀರು, ಬಾಳೆಹಣ್ಣು, ಶೇಂಗಾ ಚಿಕ್ಕಿ. ದೂರ ಅಳೆಯುವ ಫೋನು ಹೊಲಿಗೆಯವಳ ಜೇಬಿನಲ್ಲಿ.

ಮೊದಲ ಸುತ್ತಿಗೆ ಜನ ಸುಮ್ಮನೆ ನೋಡಿದರು. ಎರಡನೆಯದಕ್ಕೆ ಬಾಯಿ ಬಿಟ್ಟರು. ಕಬ್ಬಿನ ಹೊಲದ ಬದುವಿನಲ್ಲಿ ಕೂತಿದ್ದ ಒಬ್ಬ ಮುದುಕ ಎದ್ದೇ ನಿಂತ.

"ಏನ ಕಳದೈತೇನಬೇ ಅಕ್ಕಾ? ಮುಂಜಾನಿಂದ ಹುಡುಕಾಕತ್ತೀರಿ?"

"ಸಿಕ್ಕರ ಹೇಳ್ತೀನೋ ಕಾಕಾ" ಎಂದಳು ಅಕ್ಕ, ಏದುಸಿರಿನಲ್ಲೇ.

ಅರ್ಧ ದೂರ ಆಗುವಷ್ಟರಲ್ಲಿ ಆಕೆಯ ಓಟ ಕುಂಟು ನಡಿಗೆಯಾಗಿತ್ತು. ಮೊಣಕಾಲಿಗೆ ಸುತ್ತಿದ್ದ ಹಳೆಯ ಸೀರೆಯ ಪಟ್ಟಿ ಊತದಿಂದ ಬಿಗಿದುಹೋಗಿತ್ತು. ಬಿಚ್ಚಿ ಮತ್ತೆ ಕಟ್ಟುವಾಗ ಆಕೆ ನಮ್ಮ ಮುಖ ನೋಡಲಿಲ್ಲ. ಸಾಕು ಎಂದು ನಾನು ಹೇಳಿದೆನೋ, ಹೇಳಬೇಕೆಂದು ಸುಮ್ಮನಾದೆನೋ. ಹೇಳಿದ್ದರೂ ಕೇಳುತ್ತಿರಲಿಲ್ಲ.

ಹೊಳೆಯ ಹತ್ತಿರ ಆ ಸಂಗತಿ ನಡೆಯಿತು. ಅಲ್ಲಿ ಒಂದು ಬಾಂದಾರವಿದೆ. ನೀರು ತಡೆಯುವ ತಗ್ಗು ಸೇತುವೆ. ಮಳೆಗಾಲದಲ್ಲಿ ಪೂರಾ ಮುಳುಗುತ್ತದೆ. ನೀರು ಇಳಿದು ಅದು ಆಗಷ್ಟೇ ಮೇಲೆದ್ದಿತ್ತು, ಮೈತುಂಬ ರಾಡಿ, ಗಾಡಿಗಳು ಇನ್ನೂ ಓಡಾಡುತ್ತಿರಲಿಲ್ಲ. ಬಾಂದಾರ ಶುರುವಾಗುವಲ್ಲಿಗೆ ಅಕ್ಕನ ಮೇರೆ ಮುಗಿಯುತ್ತಿತ್ತು. ಪ್ರತಿ ಸಲ ಅಲ್ಲಿಂದ ಹೊರಳುತ್ತಿದ್ದೆವು. ಆ ಸಲ ಮುಂದಿದ್ದ ಹೊಲಿಗೆಯವಳು ಹೊರಳಲಿಲ್ಲ. ನೀರು ನೋಡುವ ಹುಕಿಯೋ, ಅಕ್ಕನನ್ನು ರೇಗಿಸುವ ಹುಕಿಯೋ, "ನನಗೇನ್ ನೇಮಿಲ್ಲ ನೋಡ್ರಿ!" ಎಂದು ಕೂಗಿ ಬಾಂದಾರದ ಮೇಲೆ ಓಡಿದಳು. ನಾಲ್ಕು ಹೆಜ್ಜೆ ಹೋಗಿರಬಹುದು. ಕಾಲು ಜಾರಿ, ಮಡಚಿ, ಧೊಪ್ಪೆಂದು ಕೂತಳು.

ನಾನು ಹಿಂದಿದ್ದೆ. ಓಡಿ ಬರುವಷ್ಟರಲ್ಲಿ ಅವಳು ರಾಡಿಯಲ್ಲಿ ಕೂತು ಪಾದ ಹಿಡಿದುಕೊಂಡು ಅಳುತ್ತಿದ್ದಳು. ಅಕ್ಕ ಈಚೆ ನಿಂತಿದ್ದಳು. ಆಕೆಯ ಬೂಟಿನ ತುದಿ ರಾಡಿಗೆ ತಾಗಿರಲಿಲ್ಲ. ಇದನ್ನು ಮಾತ್ರ ನಾನು ಆಣೆ ಇಟ್ಟು ಹೇಳಬಲ್ಲೆ.

"ಕಾಲ ಬಟ್ಟ ಆಡಿಸ ನೋಡೂಣು" ಎಂದಳು ಅಕ್ಕ.

"ಆಡ್ತಾವ್ರಿ... ಅಯ್ಯಯ್ಯ, ಅಕ್ಕಾ..."

"ಆಡಿದ್ರ ಎಲುಬ ಮುರದಿಲ್ಲ. ಏಳ."

"ಕೈ ಕೊಡ ಬರ್ರಿ ಅಕ್ಕಾ. ನಾಕ ಹೆಜ್ಜಿ ಬಂದ್ರ ನಿಮ್ಮ ಪುಣ್ಯೇನ್ ಸವೀತೈತೇನ್ರಿ?"

"ಪುಣ್ಯೆದ ಮಾತ ಬ್ಯಾಡ. ಕೆಳಗ ನೋಡಬ್ಯಾಡ. ನನ್ನ ಕಡೆ ನೋಡ, ಏಳ."

ನಾನು ರಾಡಿಗೆ ಕಾಲಿಡಲು ಹೋದೆ. ಅಕ್ಕ ನನ್ನ ಮಣಿಕಟ್ಟು ಹಿಡಿದಳು. ಚೀಲ ಎತ್ತಿ ಎತ್ತಿ ಗಟ್ಟಿಯಾದ ಕೈ. "ತಡೀರಿ ಬಾಯಾರ. ಬರ್ತಾಳಾಕಿ." ಆ ಕ್ಷಣ ನನಗೆ ಆಕೆಯ ಮೇಲೆ ಎಂಥ ಸಿಟ್ಟು ಬಂದಿತ್ತೆಂದರೆ, ನೇಮ ಎಂಬ ಪದವೇ ಹೇಸಿಗೆಯಾಯಿತು. ಇರುವೆಗೆ ಹಾರುವ ಹೆಂಗಸು ಮನುಷ್ಯರಿಗಾಗಿ ನಾಲ್ಕು ಹೆಜ್ಜೆ ಇಡಲಾರಳೇ?

ಹೊಲಿಗೆಯವಳು ಬೈದಳು. ಕನ್ನಡದಲ್ಲಿ ಬೈದು ಮುಗಿಸಿ ಮರಾಠಿಗೆ ಹೋದಳು, ಅಲ್ಲಿಂದ ತನ್ನ ಮನೆಮಾತಿಗೆ. ಅಕ್ಕ ಎರಡೂ ಕೈ ಮುಂದೆ ಚಾಚಿ ನಿಂತೇ ಇದ್ದಳು, "ಹೂಂ, ಬೈ. ಬೈಕೋತ ಬಾ" ಎನ್ನುತ್ತ. ಅವಳು ಮೊದಲು ಅಂಬೆಗಾಲಿನಲ್ಲಿ ಬಂದಳು. ಆಮೇಲೆ ಎದ್ದಳು. ಕಡೆಯ ಹೆಜ್ಜೆಗೆ ಅಕ್ಕನ ಕೈಗೆ ಬಿದ್ದು, ತೋಳಿಗೆ ಪಟಪಟ ಹೊಡೆದು, ಅಲ್ಲೇ ಮುಖ ಒರೆಸಿಕೊಂಡಳು. ಅಕ್ಕನ ಹಳದಿ ಕಮೀಜಿನ ತುಂಬ ಹೊಳೆಯ ರಾಡಿ.

"ನಿಮ್ಮನಿಯಾಂವಗ ಫೋನ್ ಮಾಡೂಣೇನ, ಗಾಡಿ ತರ್ತಾನ?" ಅಕ್ಕ ಕೇಳಿದಳು.

"ಇಷ್ಟ ಕರಸ್ಕೊಂಡ ಮ್ಯಾಲ ಅರ್ಧಕ್ಕ ಬಿಡೂದೇನ್ರಿ? ನಡೀರಿ!"

ಫೋನು ಹೇಗೂ ರಾಡಿನೀರು ಕುಡಿದು ಸತ್ತಿತ್ತು. ಉಳಿದದ್ದನ್ನೆಲ್ಲ ನಡೆದೆವು. ಒಬ್ಬಳದು ಬಲಗಾಲು ಇಲ್ಲ, ಇನ್ನೊಬ್ಬಳದು ಎಡಗಾಲು. ಒಬ್ಬರ ಹೆಗಲಿಗೆ ಒಬ್ಬರು ಕೈಹಾಕಿ, ಒಳಗಿನ ಕುಂಟುಕಾಲುಗಳೆರಡನ್ನೂ ಜೊತೆಗೆ ಎತ್ತಿ ಜೊತೆಗೆ ಇಡುತ್ತ ಹೊರಟರು. ಆಲದ ಮರಕ್ಕೆ ಹೋಗಿ ಬರುವಷ್ಟರಲ್ಲಿ ಬಿಸಿಲು ಇಳಿಯುತ್ತ ಬಂದಿತ್ತು. ಆ ಕೊನೆಯ ಸುತ್ತಿನಲ್ಲಿ ಅಕ್ಕ ಒಂದೆರಡು ಸಲ ನಿಂತು ಹಲ್ಲು ಕಚ್ಚಿ ಆಕಾಶ ನೋಡಿದಳು. ನೆಲ ನೋಡದೆ ನಿಂತದ್ದನ್ನು ಅಂದೇ ನಾನು ಕಂಡದ್ದು. ಕಡೆಗೆ ಅಂಗಡಿ ಮುಟ್ಟಿ, ಶಟರಿಗೆ ಅಂಗೈ ಒತ್ತಿ ನಿಂತಳು. ಬೆನ್ನು ಅಲುಗುತ್ತಿತ್ತು. ಅತ್ತಳೋ ದಣಿವೋ, ನಾವು ಮುಂದೆ ಹೋಗಿ ನೋಡಲಿಲ್ಲ.

"ನಲವತ್ತೆರಡು ಆತೋ ಇಲ್ಲೋ?" ಹೊಲಿಗೆಯವಳು ಸತ್ತ ಫೋನು ಕೊಡವುತ್ತ ಕೇಳಿದಳು.

"ಕಾಲಿಗೆ ಗೊತ್ತೈತಿ" ಎಂದಳು ಅಕ್ಕ. ಹಾಗೇ ಕಟ್ಟೆಗೆ ಒರಗಿ, "ಪೂರಾ ಆತವಾ" ಎಂದಳು, ತನಗೆ ತಾನೇ.

ದೀಪಾವಳಿಯ ಮೇಲೆ ಆಪರೇಷನ್ ಆಯಿತು. ಮಂಚದ ಮೇಲೆ ಕಾಲು ಚಾಚಿ ಕೂತಿದ್ದ ಆಕೆಯನ್ನು ನೋಡಲು ಹೋದಾಗ ಹೊಲಿಗೆಯವಳು ಮತ್ತೆ ಕೆದಕಿದಳು. "ಖರೆ ಹೇಳ್ರಿ ಅಕ್ಕಾ, ಅವತ್ತ ನೇಮ ಇರಲಿಲ್ಲಂದ್ರ ಬರ್ತಿದ್ರಿಲ್ಲೋ?"

ಅಕ್ಕ ಕಾಲಿನ ಕೆಳಗಿನ ದಿಂಬು ಸರಿಮಾಡಿಕೊಂಡಳು. "ಬರ್ತಿದ್ದೆ. ಬಂದ ನಿನ್ನ ಬಾಜೂಕ ಕುಂಡ್ರತಿದ್ದೆ. ಇಬ್ರೂ ಅಳ್ಕೋತ ಕುಂಡ್ರತಿದ್ದಿವಿ. ಓಟ ಅಲ್ಲೇ ಮುಗೀತಿತ್ತು."

ಇಷ್ಟು ಅಚ್ಚುಕಟ್ಟಾದ ಮಾತನ್ನು ಆಕೆ ಆಡಿದಳೇ, ನಾವಿಬ್ಬರೂ ಹೇಳಿ ಹೇಳಿ ಉಜ್ಜಿದ್ದೇವೆಯೇ ಎಂದು ನನಗೆ ಅನುಮಾನ. ಹೊಲಿಗೆಯವಳಂತೂ ಇದನ್ನು ಊರಿಗೆಲ್ಲ ಹೇಳುತ್ತಾಳೆ. ಹೇಳುವಾಗ ಹೆಜ್ಜೆಗಳು ನಾಲ್ಕರಿಂದ ಎರಡಾಗಿವೆ. "ಎರಡ ಹೆಜ್ಜಿ ರೀ! ಬರಲಿಲ್ಲ ಮಹಾತಾಯಿ!" ಎಂದು ಹೆಮ್ಮೆಯಿಂದ ಎದೆ ತಟ್ಟಿಕೊಳ್ಳುತ್ತಾಳೆ.

ಅಕ್ಕ ಮತ್ತೆ ಓಡಲಿಲ್ಲ. ಊರಿನ ಕೊನೆಯ ಮನೆಯವರೆಗೆ ನಮ್ಮ ಜೊತೆ ನಡೆದು ಬಂದು, "ಹೋಗಿ ಬರ್ರಿ" ಎಂದು ಹೊರಳುತ್ತಿದ್ದಳು. ಒಂದು ಬಿತ್ತನೆಯ ಕಾಲದಲ್ಲಿ, ಅಂಗಡಿ ತುಂಬ ಗಿರಾಕಿ ಇರುವಾಗ, ಎದೆ ಹಿಡಿದುಕೊಂಡು ಚೀಲದ ಮೇಲೆ ಕೂತವಳು ಏಳಲಿಲ್ಲ. ಹೊಲಿಗೆಯವಳು ಆ ದಿನದಿಂದ ನಲವತ್ತು ದಿನ ಯಂತ್ರ ತುಳಿಯಲಿಲ್ಲ.

ಹೋದ ವರ್ಷ ನನ್ನ ಗಂಡ ಬೈಕಿನಿಂದ ಬಿದ್ದು ತೊಡೆಯ ಎಲುಬು ಮುರಿದುಕೊಂಡರು. ಎಲುಬು ಕೂಡಿತು, ಮನುಷ್ಯ ಏಳಲಿಲ್ಲ. ಇನ್ನು ನಡೆಸಿ, ಇಲ್ಲದಿದ್ದರೆ ಹೀಗೇ ಉಳಿಯುತ್ತಾರೆ ಎಂದು ಡಾಕ್ಟರು ಹೇಳಿದ್ದರು. ನಾನು ಹಾಸಿಗೆಗೇ ಚಹಾ ಒಯ್ದೆ, ಊಟ ಒಯ್ದೆ, ತಂಬಿಗೆ ಒಯ್ದೆ, ಪಕ್ಕದಲ್ಲಿ ಕೂತು ಅತ್ತೆ. ಒಂದು ಬೆಳಗ್ಗೆ ಚಹಾದ ಕಪ್ಪು ಹಿಡಿದವಳು ಅಡುಗೆಮನೆಯ ಹೊಸ್ತಿಲಲ್ಲೇ ನಿಂತೆ. ವಾಕರನ್ನು ಅವರ ಕೈಗೆ ಸಿಗುವಂತೆ ಮೊದಲೇ ಇಟ್ಟು ಬಂದಿದ್ದೆ.

"ಚಾ ತಾ" ಎಂದರು.

"ಇಲ್ಲೇ ಐತ್ರಿ. ಬರ್ರಿ."

ತಮಾಷೆ ಎಂದುಕೊಂಡರು. ಆಮೇಲೆ ಬೇಡಿದರು. ಆಮೇಲೆ, "ಕಲ್ಲ ಅದೀ ನೀ, ಕಲ್ಲ!" ಎಂದು ಒದರಿದರು. ನನ್ನ ಕಾಲುಗಳು ತಾವಾಗಿಯೇ ಮುಂದೆ ಹೋಗಲು ನೋಡುತ್ತಿದ್ದವು. ಬಾಗಿಲ ಚೌಕಟ್ಟನ್ನು ಹಿಡಿದುಕೊಂಡೆ. ಹೀಗೆ ನಿಲ್ಲುವುದು ಎಷ್ಟು ಕಷ್ಟ ಎಂದು ನನಗೆ ಯಾರೂ ಹೇಳಿರಲಿಲ್ಲ, ಅಕ್ಕನೂ. ವಾಕರು ಕಿರುಗುಟ್ಟಿತು. ಒಂದು ಹೆಜ್ಜೆ. ಬಹಳ ಹೊತ್ತು ಏನೂ ಇಲ್ಲ. ಇನ್ನೊಂದು.

ಹೊಸ್ತಿಲಿಗೆ ಬಂದು ನನ್ನ ಭುಜಕ್ಕೆ ಬಿದ್ದರು. ಚಹಾ ಆರಿಹೋಗಿತ್ತು. ನನ್ನನ್ನು ಬೈಯುತ್ತಲೇ, ನಿಂತುಕೊಂಡೇ, ಪೂರಾ ಕುಡಿದರು.