ಮೂರನೇ ಸಲ ಬರದ ಗಂಡ

ನಾನು ಅಕ್ಷರ ಕಲತದ್ದು ಗಂಡ ಸತ್ತಮ್ಯಾಲೆ. ನೋಟಬುಕ್ಕಿನ್ಯಾಗ ನನ್ನ ಸಂಸಾರದ ಕತಿ ಬರದೆ. ಧಾರವಾಡದ ಪ್ರಕಾಶಕರೊಬ್ಬರು, “ತಯಾರಾದಮ್ಯಾಲೆ ತಂದುಕೊಡ್ರಿ, ಅಮ್ಮಾ” ಅಂದಿದ್ದರು. ತಯಾರಾತು ಅಂತ ಹೆಂಗ ತಿಳಿಯೂದು? ಬೆಂದರ ರೊಟ್ಟಿ ಉಬ್ಬತೈತಿ, ಬರದದ್ದು ಉಬ್ಬಂಗಿಲ್ಲ. ಅದಕ್ಕ ತಿದ್ದಿ ತಿದ್ದಿ ಮೂರು ಸಲ ಬರದೆ. ಖರೇ ಅಂದರ, ಬರಿಯೂದು ಮುಗದರ ಸಂಜೀಕ ಖೋಲಿಯೊಳಗ ನನಗ ಮತ್ತೇನೂ ಇರಲಿಲ್ಲ.

ಮೂರನೇದ್ದನ್ನ ಬಾಜೂ ಮನಿ ಅಕ್ಕಗ ಓದಿ ಹೇಳಿದೆ. ಆಕಿ ನನ್ನ ಗಂಡನ್ನ ಕಂಡಾಕಿ. ಚುರಮರಿ ತಿನ್ನೂದು ಬಿಟ್ಟು ನಕ್ಕಳು.

“ಇಂವ ಯಾರ ಗಂಡ, ತಂಗೀ? ನಿನ್ನಾಂವ ಒಮ್ಮೆರೆ ‘ನೀ ಉಂಡಿಯೇನು’ ಅಂತ ಕೇಳಿದ್ದನೇನ?”

ಕೇಳಿರಲಿಲ್ಲ. ಸಾರು ಸಪ್ಪಗಾದರ ತಾಟು ಬೀಸಿ ಒಗೀತಿದ್ದ. ಮೊದಲನೇ ನೋಟಬುಕ್ಕಿನ್ಯಾಗ ಹಂಗ ಬರದಿದ್ದೆ. ಎರಡನೇದರಾಗ ತಾಟಿನ ಮಾತು ಬಿಟ್ಟೆ. ಮೂರನೇದರಾಗ ಅಂವ ನನ್ನ ಕೂಡ ಕುಂತು ಉಣ್ಣಾಕತ್ತಿದ್ದ. ಒಬ್ಬಾಕಿನ ಕುಂತು ಬರಕೋತ, ಜೋಡಿಗೆ ಬ್ಯಾರೆ ಗಂಡನ್ನ ಮಾಡಿಕೊಂಡಿದ್ದೆ.

ಮರುದಿನ ಬಸ್ ಹತ್ತಿ ಮೊದಲನೇದ್ದನ್ನ ಕೊಟ್ಟು ಬಂದೆ. ಅದು ಯಾವಾಗೋ ತಯಾರಾಗಿತ್ತು. ಉಳದ ಎರಡನ್ನೂ ರದ್ದಿಗೆ ಹಾಕಿದೆ. ಅವತ್ತು ಸಂಜೀಕ ಒಬ್ಬಾಕಿನ ಕುಂತು ಉಂಡೆ.